ಭಯ ಬಂದಾಗ ಮೊದಲು ಚಿತ್ತವನ್ನು ನೋಡೋಣ




ನಮ್ಮ ಎಷ್ಟೋ ಭಯಗಳು ಹುಟ್ಟಿನಿಂದ ಬಂದವಲ್ಲ, ಕಲಿತವು. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. 11 ತಿಂಗಳ ಮಗುವೊಂದಕ್ಕೆ ಬಿಳಿ ಇಲಿಯ ಹೆದರಿಕೆ ಇರಲಿಲ್ಲ. ಮಗು ಇಲಿಯನ್ನು ಮುಟ್ಟಲು ಹೋದಾಗ ಅದರ ಬೆನ್ನ ಹಿಂದೆ ಸುತ್ತಿಗೆಯಿಂದ ಉಕ್ಕಿನ ಸರಳಿಗೆ ಬಡಿದರು. ಹಲವು ಸಲ ಹೀಗೆ ಮಾಡಿದ ಮೇಲೆ, ಸದ್ದಿಲ್ಲದಿದ್ದರೂ ಇಲಿ ಕಂಡರೆ ಮಗು ಅಳತೊಡಗಿತು. ಇಂಥ ಕ್ರೌರ್ಯವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಬದುಕು ನಮ್ಮನ್ನು ಕೇಳದೆಯೇ ಇಂಥ ಪಾಠ ಕಲಿಸಿಬಿಡುತ್ತದೆ.

ನನ್ನ ತಂದೆ ತೀರಿಕೊಂಡ ಸುದ್ದಿ ಬಂದದ್ದು ನಡುರಾತ್ರಿ, ಫೋನಿನಲ್ಲಿ. ಅಂದಿನಿಂದ ರಾತ್ರಿ ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತದೆ. ಒಂದು ವಿಷಯ ಗಮನಿಸಿದ್ದೇನೆ. ಮನಸ್ಸು ಹಗುರಾಗಿರುವ ದಿನ ಆ ಭಯ ಕ್ಷಣದಲ್ಲಿ ಇಳಿಯುತ್ತದೆ. ಮನಸ್ಸು ಕುಗ್ಗಿರುವ ದಿನ ಅದೇ ರಿಂಗ್ ಬೆಳಗಿನವರೆಗೆ ನಿದ್ದೆ ಕೊಡುವುದಿಲ್ಲ. ಅಪ್ಪನ ನೆನಪೂ ಬೇರೆಯಾಗುತ್ತದೆ. ಅಂಥ ರಾತ್ರಿ ಆಸ್ಪತ್ರೆಯ ಮಂಚ, ಅವರ ಒಣಗಿದ ತುಟಿ ಮಾತ್ರ ಕಣ್ಣ ಮುಂದೆ ಬರುತ್ತವೆ. ಸಂತೆಯಿಂದ ಅವರು ತರುತ್ತಿದ್ದ ಕಡ್ಲೆಪುರಿ, ಅವರ ಜೋರು ನಗು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಮನಶ್ಶಾಸ್ತ್ರಜ್ಞ ಗಾರ್ಡನ್ ಬೋವರ್ 1981ರಲ್ಲಿ ಮನಸ್ಥಿತಿ ಮತ್ತು ನೆನಪಿನ ಬಗ್ಗೆ ಬರೆದ ಲೇಖನದಲ್ಲಿ ಇದನ್ನೇ ವಿವರಿಸಿದರು. ದುಃಖದಲ್ಲಿರುವ ಮನಸ್ಸಿಗೆ ದುಃಖದ ನೆನಪೇ ಬೇಗ ಕೈಗೆ ಸಿಗುತ್ತದೆ, ಸಂತೋಷದಲ್ಲಿರುವ ಮನಸ್ಸಿಗೆ ಸಂತೋಷದ್ದು. ಅಂದರೆ ಕುಗ್ಗಿದ ಮನಸ್ಸು ತೋರಿಸುವುದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ.

ಸತಿಪಟ್ಠಾನ ಸುತ್ತದಲ್ಲಿ ಭಗವಾನರು ಚಿತ್ತಾನುಪಸ್ಸನೆಯನ್ನು ಬೋಧಿಸಿದ್ದು ಎಷ್ಟು ಉಪಯುಕ್ತ ನೋಡಿ. ದ್ವೇಷ ತುಂಬಿದ ಚಿತ್ತ, ಕುಗ್ಗಿದ ಚಿತ್ತ, ಚದುರಿದ ಚಿತ್ತ, ಯಾವುದೇ ಇರಲಿ, ಅದು ಇರುವಂತೆಯೇ ತಿಳಿಯಬೇಕು. ಚಿತ್ತದ ಸ್ಥಿತಿ ತಿಳಿದವನು ಅದು ಎತ್ತಿಕೊಡುವ ನೆನಪಿಗೆ ಸುಲಭವಾಗಿ ಮೋಸ ಹೋಗುವುದಿಲ್ಲ.

ಮಜ್ಝಿಮ ನಿಕಾಯದ ಭಯಭೇರವ ಸುತ್ತದಲ್ಲಿ ಇನ್ನೊಂದು ಪಾಠವಿದೆ. ಬೋಧಿಗೆ ಮುಂಚೆ ಸಿದ್ಧಾರ್ಥರು ಭಯವನ್ನು ಅರಿಯಲೆಂದೇ ಅಷ್ಟಮಿ, ಚತುರ್ದಶಿಯಂಥ ರಾತ್ರಿಗಳಲ್ಲಿ ಕಾಡಿನಲ್ಲಿ ಇದ್ದರು. ಪ್ರಾಣಿಯೊಂದು ಹತ್ತಿರ ಬರುತ್ತಿತ್ತು, ನವಿಲು ಕಡ್ಡಿ ಮುರಿಯುತ್ತಿತ್ತು, ಗಾಳಿಗೆ ತರಗೆಲೆ ಸದ್ದಾಗುತ್ತಿತ್ತು. ಭಯ ಬಂದಾಗ ನಡೆಯುತ್ತಿದ್ದರೆ, ಅದು ಇಳಿಯುವವರೆಗೂ ನಡೆಯುತ್ತಲೇ ಇದ್ದರು. ಕುಳಿತಿದ್ದರೆ ಕುಳಿತೇ ಇದ್ದರು. ಓಡಲೂ ಇಲ್ಲ, ಭಯವಿಲ್ಲವೆಂದು ನಟಿಸಲೂ ಇಲ್ಲ.

ಕಲಿತ ಭಯ ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠ ಬೆಳೆಯುತ್ತದೆ ಎಂದು ಇಂದಿನ ಮನಶ್ಶಾಸ್ತ್ರವೂ ಹೇಳುತ್ತದೆ. ಆದ್ದರಿಂದ ವಾಸಿಯಾಯಿತು ಅಂದುಕೊಂಡ ಭಯ ಒಂದು ಮಂಕು ದಿನ ಮತ್ತೆ ತಲೆಯೆತ್ತಿದರೆ, ಸಾಧನೆಯೆಲ್ಲ ವ್ಯರ್ಥವಾಯಿತೆಂದು ಕೊರಗಬೇಡಿ.

*ಇಂದಿನ ಅಭ್ಯಾಸ:* ಭಯವೋ ಕಹಿ ನೆನಪೋ ಬಂದರೆ, ಅದರ ಕಥೆಗೆ ಇಳಿಯುವ ಮೊದಲು ಮೂರು ಉಸಿರು ಗಮನಿಸಿ. "ಈಗ ನನ್ನ ಚಿತ್ತ ಹೇಗಿದೆ?" ಎಂದು ಕೇಳಿಕೊಳ್ಳಿ. ಕುಗ್ಗಿದ್ದರೆ, ಸತ್ತವರ ಬಗ್ಗೆಯಾಗಲಿ ಬದುಕಿರುವವರ ಬಗ್ಗೆಯಾಗಲಿ ಆಗಲೇ ತೀರ್ಪು ಕೊಡಬೇಡಿ. ಭಯ ದಿನವೂ ಊಟ ನಿದ್ದೆ ಕೆಡಿಸುತ್ತಿದ್ದರೆ ವೈದ್ಯರನ್ನು ಕಾಣಿ. ತನ್ನ ಮೇಲೂ ಮೈತ್ರಿ ಇರಬೇಕು.

ಎಲ್ಲ ಜೀವಿಗಳೂ ನಿರ್ಭಯವಾಗಿರಲಿ.
ಸಾಧು ಸಾಧು ಸಾಧು 🪷