ವಿಷಮೂಲಿಕೆಯ ಚಿತ್ರಪಟ

ಕ್ರಿಸ್ತಶಕ 512ರ ಸುಮಾರಿನಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಾಜವಂಶದ ಅನಿಸಿಯಾ ಜೂಲಿಯಾನಾ ಎಂಬಾಕೆಗಾಗಿ ರಚಿತವಾಗಿ, ಈಗ ವಿಯೆನ್ನಾದ ಗ್ರಂಥಾಲಯದಲ್ಲಿ ರಕ್ಷಿತವಾಗಿರುವ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಓಷಧಿಗ್ರಂಥದ ಹಸ್ತಪ್ರತಿಯಲ್ಲಿ, ಮನುಷ್ಯಾಕೃತಿಯ ಬೇರುಳ್ಳ ಮ್ಯಾಂಡ್ರೇಕ್ ಎಂಬ ವಿಷಸಸ್ಯವನ್ನು ಕುರಿತ ಎರಡು ಚಿತ್ರಗಳು ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿವೆ. ಒಂದರಲ್ಲಿ, ಅದನ್ನು ಕಿತ್ತವರಿಗೆ ಮರಣವೆಂಬ ಜನಪದ ನಂಬಿಕೆಗೆ ಸಾಕ್ಷಿಯಾಗಿ, ಕೀಳಿಸಲೆಂದು ಬೇರಿಗೆ ಕಟ್ಟಿದ ನಾಯಿ ಪ್ರಾಣ ಬಿಡುತ್ತಿದೆ. ಇನ್ನೊಂದರಲ್ಲಿ, ಚಿಂತನೆಯೇ ಸ್ತ್ರೀರೂಪವನ್ನು ತಳೆದು ಆ ಗಿಡವನ್ನು ಎತ್ತಿ ಹಿಡಿದಿರಲು, ಚಿತ್ರಕಾರನು ನೋಡಿ ನೋಡಿ ಬರೆಯುತ್ತಿದ್ದಾನೆ. ಕೊಲ್ಲುವುದೆಂದು ಲೋಕವು ಬೆದರಿದ ವಸ್ತುವನ್ನು ಭಯದ್ವೇಷಗಳಿಲ್ಲದೆ ಎಲೆಯೆಲೆಯಾಗಿ ಕಾಣುವ ಆ ದೃಷ್ಟಿಯು ಉಪಾಸನೆಯೇ ಎಂದು ನಾನು ಬಗೆಯುತ್ತೇನೆ. ನಮ್ಮಲ್ಲಿಯೂ ವಿಷಗಿಡವಾದ ಉಮ್ಮತ್ತಿಯ ಹೂವು ಶಿವನ ಪೂಜೆಗೆ ಸಲ್ಲುವುದಷ್ಟೆ. ಆದರೂ ಸೃಷ್ಟಿಯಲ್ಲಿ ವಿಷವೇಕೆಂಬ ಪ್ರಶ್ನೆಗೆ, ಸಾಯುತ್ತಿರುವ ಆ ನಾಯಿಯ ಮುಂದೆ ನಿಂತು ಉತ್ತರ ಹೇಳಲು ನನಗೆ ಬಾಯಿ ಬಾರದು.