ಗುಳ್ಳದೊಳಗಿನ ಹುಳು

ಮೆಟ್ಟುಕತ್ತಿಯ ಮುಂದೆ ಬದನೆ ಹೆಚ್ಚಲು ಕುಳಿತವಳಿಗೆ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಅರ್ಧ ಕಾಯಿ ಕಪ್ಪು. ಅದಕ್ಕೇ ಸಂತೆಯಲ್ಲಿ ನಾವು ತಿರುಗಿಸಿ ತಿರುಗಿಸಿ ಆರಿಸುತ್ತೇವೆ. ಹುಳುವಿಲ್ಲದ ಕಾಯಿ ಬೇಕು, ಮದ್ದು ಹೊಡೆದದ್ದು ಬೇಡ. ಎರಡೂ ಒಟ್ಟಿಗೆ ಹೇಗೆ ಸಿಗಬೇಕು ಎಂದು ಕೇಳಿಕೊಳ್ಳುವವರು ಕಡಿಮೆ.

ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಈ ಹುಳು ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರುತ್ತದೆ. ಆಮೇಲೆ ಹೊಡೆದ ಮದ್ದು ಅದಕ್ಕೆ ತಾಗದು. ಹಾಗಾಗಿ ಮತ್ತೆ ಮತ್ತೆ ಹೊಡೆಯುತ್ತಾರೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಗಿಡದೊಳಕ್ಕೇ ಸೇರಿಸಿದರೆ ಅದನ್ನು ತಿಂದ ಹುಳು ಸಾಯುತ್ತದೆ ಎಂಬುದು ಬಿಟಿ ಬದನೆಯ ಉಪಾಯ. ಮಹಿಕೋ ಕಂಪನಿಯೊಡನೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಕಡೆಯ ತಳಿಗಳಿಗೂ ಇದನ್ನು ಸೇರಿಸಿತು. ಅವುಗಳಲ್ಲಿ ದುಂಡನೆಯ ತಿಳಿಹಸಿರು ಬದನೆ, ಉಡುಪಿಯ ಗುಳ್ಳವೂ ಒಂದು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರವರಿ 9ರಂದು ತಡೆ ಹಾಕಿದರು.

ಬೇಡ ಅಂದವರ ಪಕ್ಷ ನನ್ನದು. ತಿಂದರೆ ಏನಾದೀತೋ ಎಂಬ ಹೆದರಿಕೆಗಿಂತ ಬೀಜದ ಮಾತು ನನ್ನನ್ನು ಹೆಚ್ಚು ಕಾಡಿತು. ಮಟ್ಟುವಿನವರಿಗೆ ವಾದಿರಾಜರು ಗುಳ್ಳದ ಬೀಜ ಕೊಟ್ಟರೆಂಬ ಐತಿಹ್ಯವಿದೆ. ಕೊಟ್ಟವರು ಯಾರೇ ಇರಲಿ, ಉಳಿಸಿದವರು ಮಾತ್ರ ಒಳ್ಳೆಯ ಕಾಯಿಯೊಂದನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಒಣಗಿಸಿ ಕಟ್ಟಿಟ್ಟವರು. ಅವರಲ್ಲಿ ಹೆಂಗಸರೆಷ್ಟೋ, ಲೆಕ್ಕವಿಟ್ಟವರಿಲ್ಲ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ವಿಶ್ವವಿದ್ಯಾಲಯದ ಬಿಟಿ ಬೀಜವನ್ನೂ ರೈತರು ಉಳಿಸಿಕೊಳ್ಳಬಹುದೆಂದು ಹೇಳಿದ್ದರು, ನಿಜ. ಆದರೆ ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಿದರೆಂಬ ದೂರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮನೆಯ ಮಗಳನ್ನು ಕೇಳಲು ಬಂದವರು ಮನೆಯವರನ್ನು ಮಾತಾಡಿಸದೆ ಹೋದರೆ ಹೇಗೆ?

ನೆರೆಮನೆಯಾಕೆ ಇದಕ್ಕೆ ಸೊಪ್ಪು ಹಾಕುವವರಲ್ಲ. ಅವರ ತವರಿನಲ್ಲಿ ಬದನೆ ಬೆಳೆಯುತ್ತಿದ್ದರು. "ಮದ್ದು ಹೊಡೆದು ಬಂದ ಅಪ್ಪನ ಅಂಗಿ ಒಗೆದು ನನ್ನ ಅಂಗೈ ಉರಿಯುತ್ತಿತ್ತು. ನೀವು ಬೀಜ ಅನ್ನುತ್ತೀರಿ" ಎಂದರು. ಬಾಂಗ್ಲಾದೇಶ 2013ರಲ್ಲಿ ಇದೇ ಬಗೆಯ ಬದನೆಗೆ ಒಪ್ಪಿಗೆ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿತು. ಅಲ್ಲಿ ಮದ್ದಿನ ಖರ್ಚು ತಗ್ಗಿತೆಂದು ಅಧ್ಯಯನಗಳೂ ಹೇಳಿವೆ. ಅದನ್ನು ಕಂಪನಿಯವರ ಮಾತೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬೇರೆ ದಾರಿಗಳಿಲ್ಲವೆಂದಲ್ಲ. ಬಾಡಿದ ಕುಡಿಗಳನ್ನು ಚಿವುಟಿ ನಾಶಮಾಡಬೇಕು, ಪತಂಗ ಹಿಡಿಯಲು ಮೋಹಕ ಬಲೆ ಕಟ್ಟಬೇಕು. ದಿನವೂ ಬಗ್ಗಿ ಕುಡಿ ಚಿವುಟುವ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ನಿಮಗೆ ಹೇಳಬೇಕೇ! ಇಷ್ಟಾದರೂ ಕೆಲವು ಕಾಯಿಗಳಲ್ಲಿ ಹುಳು ಇದ್ದೇ ಇರುತ್ತದೆ. ಬಿಟಿ ಬೇಡ ಅನ್ನುವ ನಾವು ಆ ಕೂಲಿಯನ್ನು ಕಾಯಿಯ ಬೆಲೆಯಲ್ಲಿ ಸೇರಿಸಿ ಕೊಡುತ್ತೇವೆಯೇ ಎಂದು ಆಕೆ ಕೇಳುತ್ತಾರೆ. ಕೊಡುತ್ತೇನೆಂದು ನಾನು ಹೇಳಿದ್ದೇನೆ. ಎಷ್ಟು ಎಂಬಲ್ಲಿಗೆ ನಮ್ಮ ಮಾತು ನಿಂತಿದೆ.