ಖರ್ಚಾದರೂ ಮುಗಿಯದ್ದು

ಮೂಡುಬಿದಿರೆಯ ಗುರುಬಸದಿಯಲ್ಲಿ ಕೈಮುಗಿದು ಹೊರಬಂದ ಒಂದು ಸಂಜೆ ಅಜ್ಜಿಯನ್ನು ಕೇಳಿದ್ದೆ. ನನಗಾಗ ಎಂಟೋ ಒಂಬತ್ತೋ ವರ್ಷ. "ಎಲ್ಲರೂ ಒಬ್ಬೊಬ್ಬರಾಗಿ ಮೋಕ್ಷಕ್ಕೆ ಹೋಗ್ತಾ ಇದ್ರೆ, ಒಂದು ದಿನ ಇಲ್ಲಿ ಯಾರೂ ಇರುದಿಲ್ಲ ಅಲ್ವಾ ಅಜ್ಜಿ?" ಅಜ್ಜಿ ತಲೆಯೆತ್ತಿ ಬಿಸಿಲು ನೋಡಿದರು. "ಮುಗಿಯುದಿಲ್ಲ ಮಗಾ. ಹೊತ್ತು ಕಂತುವ ಮೊದಲು ಉಣ್ಬೇಕು, ಬೇಗ ನಡಿ" ಎಂದರು.

ಆಮೇಲೆ ನಾನು ಗಣಿತ ಓದಿದೆ. 31 ವರ್ಷ ಪಿಯುಸಿ ಮಕ್ಕಳಿಗೆ ಅದನ್ನೇ ಕಲಿಸಿದೆ. ಆ ಸಂಜೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಅದೇ ಬಸದಿಯ ತಾಳೆಗರಿಗಳಲ್ಲಿ ಇತ್ತೆಂದು ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಆ ಗರಿಗಳಲ್ಲಿರುವುದು ಧವಲಾ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಬರೆದ ಟೀಕೆ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಗರಿಯ ಮೇಲಿನ ಅಕ್ಷರ ಮಾತ್ರ ಹಳೆಯ ಕನ್ನಡದ್ದು. ಬಹುಕಾಲ ಅದು ಬರೀ ದರ್ಶನಕ್ಕಿತ್ತು, ಓದಿಗಲ್ಲ. 1939ರಲ್ಲಿ ಹೀರಾಲಾಲ್ ಜೈನ್ ಅವರು ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. 16 ಸಂಪುಟಗಳು ಮುಗಿಯುವಾಗ 1958. ಲಕ್ನೋದ ಗಣಿತಜ್ಞ ಎ. ಎನ್. ಸಿಂಗ್ ಅವರು ಇದರ ಗಣಿತದ ಬಗ್ಗೆ ಬರೆದ ಲೇಖನವೇ ನನ್ನನ್ನು ಆ ಪುಟಗಳಿಗೆ ಕರೆದುಕೊಂಡು ಹೋದದ್ದು.

ದೊಡ್ಡ ಸಂಖ್ಯೆಯ ವಿಷಯದಲ್ಲಿ ಈ ಆಚಾರ್ಯರಿಗೆ ಅಂಜಿಕೆಯೇ ಇಲ್ಲ. ಒಂದು ಸಂಖ್ಯೆಯನ್ನು ಅಷ್ಟೇ ಸಲ ಅದರಿಂದಲೇ ಗುಣಿಸುವುದಕ್ಕೆ ವರ್ಗಿತ-ಸಂವರ್ಗಿತ ಎಂದು ಹೆಸರು. ಎರಡರಿಂದ ಹೊರಟರೆ ಮೊದಲ ಸಲಕ್ಕೆ 4. ಎರಡನೆಯ ಸಲಕ್ಕೆ ನಾಲ್ಕು ನಾಲ್ಕುಗಳ ಗುಣಲಬ್ಧ, 256. ಮೂರನೆಯ ಸಲಕ್ಕೆ 256ನ್ನು 256 ಸಲ ಇಟ್ಟು ಗುಣಿಸಬೇಕು; ಬರುವ ಸಂಖ್ಯೆಗೆ 617 ಅಂಕೆಗಳು. ಕಣ್ಣಿಗೆ ಕಾಣಬಹುದಾದ ಇಡೀ ವಿಶ್ವದ ಪರಮಾಣುಗಳ ಅಂದಾಜು ಬರೆಯಲು ಎಂಬತ್ತು ಚಿಲ್ಲರೆ ಅಂಕೆ ಸಾಕು. ಎರಡರಿಂದ ಮೂರೇ ಹೆಜ್ಜೆಯಲ್ಲಿ ವಿಶ್ವವನ್ನು ದಾಟಿಬಿಟ್ಟೆವು! ಕರಿಹಲಗೆಯ ಮೇಲೆ ಇದನ್ನು ಮಾಡಿ ತೋರಿಸಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು.

ನನಗೆ ಇದಕ್ಕಿಂತ ಪ್ರಿಯವಾದದ್ದು ಸಾಸಿವೆಯ ಲೆಕ್ಕ. ಜಂಬೂದ್ವೀಪದಷ್ಟು, ಅಂದರೆ ಲಕ್ಷ ಯೋಜನ ಅಗಲದ, ಸಾವಿರ ಯೋಜನ ಆಳದ ಕುಂಡ. ಅದರ ತುಂಬ ಶಿಖೆ ಏಳುವಂತೆ ಸಾಸಿವೆ. ಒಂದು ಕಾಳು ದ್ವೀಪಕ್ಕೆ, ಒಂದು ಸಮುದ್ರಕ್ಕೆ, ಮತ್ತೊಂದು ಮುಂದಿನ ದ್ವೀಪಕ್ಕೆ ಎಂದು ಹಾಕುತ್ತ ಹೋಗಬೇಕು. ಪ್ರತಿಯೊಂದೂ ಹಿಂದಿನದಕ್ಕಿಂತ ಇಮ್ಮಡಿ ಅಗಲ. ಕೊನೆಯ ಕಾಳು ಬಿದ್ದಲ್ಲಿ ಅಲ್ಲಿಯವರೆಗಿನ ಅಗಲದ ಹೊಸ ಕುಂಡ, ಅದರ ತುಂಬ ಮತ್ತೆ ಸಾಸಿವೆ. ಒಮ್ಮೆ ಬರಿದಾಗಿದ್ದಕ್ಕೆ ಗುರುತಾಗಿ ಶಲಾಕಾ ಎಂಬ ಇನ್ನೊಂದು ಕುಂಡಕ್ಕೆ ಒಂದೇ ಒಂದು ಕಾಳು. ಹೀಗೆ ಶಲಾಕಾ ತುಂಬಿದರೆ ಪ್ರತಿಶಲಾಕೆಗೆ ಒಂದು. ಅದು ತುಂಬಿದರೆ ಮಹಾಶಲಾಕೆಗೆ ಒಂದು. ಮಹಾಶಲಾಕೆಯೂ ತುಂಬಿದಾಗ ಕಡೆಯ ಕುಂಡದಲ್ಲಿ ಎಷ್ಟು ಸಾಸಿವೆಯೋ ಅದು ಅತಿ ಚಿಕ್ಕ ಅಸಂಖ್ಯಾತ. ಅದರಲ್ಲಿ ಒಂದು ಕಾಳು ತೆಗೆಯಿರಿ, ಎಣಿಕೆಗೆ ಸಿಗುವ ಅತಿ ದೊಡ್ಡ ಸಂಖ್ಯೆ ಸಿಕ್ಕಿತು.

ನಮ್ಮ ಅಡುಗೆಮನೆಯ ಚಮಚದಲ್ಲಿ ಎಷ್ಟು ಸಾಸಿವೆ ಹಿಡಿಯುತ್ತದೆಂದು ಒಂದು ಮಳೆಗಾಲದ ಮಧ್ಯಾಹ್ನ ಕೂತು ಎಣಿಸಿದ್ದೇನೆ. 1,412. ಎರಡು ಸಲ ಲೆಕ್ಕ ತಪ್ಪಿತ್ತು.

ಇಂದಿನ ಗಣಿತ ಆ ಅಸಂಖ್ಯಾತವನ್ನೂ ಪರಿಮಿತ ಸಂಖ್ಯೆಯೆಂದೇ ಹೇಳುತ್ತದೆ, ಅದು ಸರಿ. ಅನಂತ ಬೇರೆಯೇ ಜಾತಿ. ಅದನ್ನು ವೀರಸೇನರು ಗುರುತಿಸಿದ ಬಗೆ ಓದಿದ ದಿನ ಪುಸ್ತಕ ಮುಚ್ಚಿಟ್ಟು ಜಗಲಿಗೆ ಬಂದು ಕೂತೆ. ಅವರು ಗಾತ್ರದ ಮಾತೇ ಎತ್ತುವುದಿಲ್ಲ. ಆದಾಯವಿಲ್ಲದೆ ಖರ್ಚು ಮಾತ್ರ ನಡೆಯುತ್ತಿದ್ದರೆ ಒಂದು ದಿನ ಮುಗಿದುಹೋಗುವುದು ಅನಂತವಲ್ಲ; ಹಾಗೆ ಖರ್ಚಾಗುತ್ತಿದ್ದರೂ ಮುಗಿಯದ್ದು ಅನಂತ. ಮನೆವಾರ್ತೆ ಬಲ್ಲವರ ಮಾತಿನಂತಿದೆ ಇದು. ಜೀವಗಳು ಮೋಕ್ಷಕ್ಕೆ ಹೋಗುತ್ತಲೇ ಇರುತ್ತವೆ, ಹೊಸ ಜೀವ ಹುಟ್ಟಿಕೊಳ್ಳುವುದಿಲ್ಲ, ಆದರೂ ಸಂಸಾರ ಬರಿದಾಗುವುದಿಲ್ಲ. ಚಾವುಂಡರಾಯನ ಗುರು ನೇಮಿಚಂದ್ರರು ಗೊಮ್ಮಟಸಾರದಲ್ಲಿ ಇನ್ನೂ ಮುಂದೆ ಹೋಗುತ್ತಾರೆ: ಇದುವರೆಗೆ ಮುಕ್ತರಾಗಿ ಸಿದ್ಧರಾದವರೆಲ್ಲರಿಗಿಂತ ಅನಂತಪಟ್ಟು ಜೀವಗಳು ನಿಗೋದವೆಂಬ ಅತಿ ಸೂಕ್ಷ್ಮ ಜೀವಿಗಳ ಒಂದೇ ಒಂದು ಶರೀರದಲ್ಲಿವೆ. ಅನಂತಕ್ಕಿಂತ ಅನಂತ ದೊಡ್ಡದಿರಬಹುದು ಎಂಬ ಧೈರ್ಯ ಇದು. ಗಣಿತಜ್ಞ ಕ್ಯಾಂಟರ್ 1891ರಲ್ಲಿ ಕರ್ಣರೇಖೆಯ ಯುಕ್ತಿಯಿಂದ ತೋರಿಸಿದ್ದನ್ನು ನಮ್ಮವರು ಮೊದಲೇ ಕಂಡಿದ್ದರು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಂಟರ್ ಕೊಟ್ಟದ್ದು ಸಾಧನೆ, ಹೆಜ್ಜೆ ಹೆಜ್ಜೆಗೂ ಪರೀಕ್ಷಿಸಬಹುದಾದದ್ದು. ಇವರದು ಬೇರೆ ಹಸಿವು.

ಆ ಹಸಿವು ಯಾವುದೆಂದು ನನಗೆ ಅರ್ಥವಾದದ್ದು ಮೂರು ವರ್ಷದ ಹಿಂದೆ, ಅಮ್ಮ ಹೋದಾಗ. ಮನೆಗೆ ಬಂದಿದ್ದ ಹಿರಿಯರೊಬ್ಬರು ಸಮಾಧಾನಕ್ಕೆಂದು ಹೇಳಿದರು: "ಅನಂತ ಜೀವಗಳಲ್ಲಿ ಒಂದು ಜೀವ ತಂಗಿ. ಅದಕ್ಕೆ ಎಷ್ಟೂಂತ ಅಳುದು?" ಅನಂತದಿಂದ ಒಂದು ಕಳೆದರೆ ಅನಂತವೇ ಎಂದು ನಾನೇ ಎಷ್ಟು ವರ್ಷ ಹಲಗೆಯ ಮೇಲೆ ಬರೆದಿದ್ದೆನೋ. ಮರುದಿನ ಕುಚ್ಚಲಕ್ಕಿ ಅಳೆಯುವಾಗ ಎಂದಿನಂತೆ ಮೂರು ಕುಡ್ತೆ ಹಾಕಿದೆ. ಅಮ್ಮನ ಪಾಲು ಪಾತ್ರೆಯಲ್ಲೇ ಉಳಿಯಿತು.

ಹಿರಿಯರ ಮಾತು ನೋಯಿಸಿತು ಮಾತ್ರವಲ್ಲ, ಅದು ಶಾಸ್ತ್ರಕ್ಕೂ ಸಲ್ಲದ ಮಾತು ಎಂದು ನನ್ನ ದೃಢವಾದ ನಂಬಿಕೆ. 12ನೇ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿ ಬಂದ ಖಹರ ರಾಶಿಯನ್ನು ಅಚ್ಯುತನಿಗೆ ಹೋಲಿಸುತ್ತಾರೆ: ಪ್ರಳಯದಲ್ಲಿ ಜೀವರಾಶಿ ಅವನೊಳಗೆ ಸೇರಿದರೂ ಸೃಷ್ಟಿಯಲ್ಲಿ ಹೊರಟರೂ ಅವನಲ್ಲಿ ಬದಲಾವಣೆಯಿಲ್ಲ. ಚೆಲುವಾದ ಹೋಲಿಕೆ. ಆದರೆ ಅಲ್ಲಿ ಒಳಹೋದದ್ದು ಅನಂತದೊಳಗೆ ಅಡಗುತ್ತದೆ. ನನ್ನ ಅಜ್ಜಿ, ಅಮ್ಮ ನಂಬಿದ ದಾರಿಯಲ್ಲಿ ಜೀವ ಯಾವುದರಲ್ಲೂ ಕರಗುವುದಿಲ್ಲ. ಮುಕ್ತವಾದ ಮೇಲೂ ಅದು ಅದೇ ಜೀವ. ಒಂದು ದೀಪದ ಬೆಳಕಿರುವಲ್ಲೇ ಇನ್ನೊಂದರ ಬೆಳಕಿರುವಂತೆ ಸಿದ್ಧರು ಒಂದೇ ಎಡೆಯಲ್ಲಿದ್ದರೂ ಒಬ್ಬರು ಇನ್ನೊಬ್ಬರಾಗುವುದಿಲ್ಲ. ಅನಂತ ಜ್ಞಾನ, ಅನಂತ ದರ್ಶನ, ಅನಂತ ಸುಖ, ಅನಂತ ವೀರ್ಯ ಪ್ರತಿಯೊಬ್ಬರಿಗೂ ಪೂರ್ತಿ. ಒಂದು ಕಳೆದದ್ದು ರಾಶಿಗೆ ಗೊತ್ತಾಗದಿರಬಹುದು. ಕಳೆದ ಆ ಒಂದು ಅದರಿಂದ ಚಿಕ್ಕದಾಗುವುದಿಲ್ಲ.

ನಮ್ಮ ಸಂಪ್ರದಾಯದಲ್ಲಿ ಇನ್ನೊಂದು ಲೆಕ್ಕವಿದೆ. ಆರು ತಿಂಗಳು ಎಂಟು ಸಮಯಗಳಲ್ಲಿ (ಸಮಯವೆಂದರೆ ಕಾಲದ ಅತಿ ಚಿಕ್ಕ ತುಣುಕು) ಮೋಕ್ಷಕ್ಕೆ ಹೋಗುವ ಜೀವಗಳು 608. ನಿತ್ಯನಿಗೋದದ ಕತ್ತಲಿಂದ ಹೊರಬರುವವೂ ಅಷ್ಟೇ. ಅಷ್ಟೆಲ್ಲ ಸಾಸಿವೆ ಸುರಿದ ಮೇಲೆ, ಅನಂತದ ಮೇಲೆ ಅನಂತ ಏರಿಸಿದ ಮೇಲೆ, ಬಿಡುಗಡೆಯ ಮಾತು ಬಂದಾಗ ಹಾಜರಿ ಪುಸ್ತಕದಲ್ಲಿ ಬರೆಯಬಹುದಾದಷ್ಟು ಸಣ್ಣ ಸಂಖ್ಯೆ. ಹೆಸರು ಕರೆದು ಕಳಿಸಿದ ಹಾಗೆ.

ಭಾದ್ರಪದದ ಚತುರ್ದಶಿಗೆ ಅಮ್ಮ ಅನಂತನ ನೋಂಪಿ ಮಾಡುತ್ತಿದ್ದರು. ಆ ನೋಂಪಿಯ ದಾರಕ್ಕೆ ಹದಿನಾಲ್ಕು ಗಂಟು. ಹಿಂದಿನ ಸಂಜೆ ಜಗಲಿಯಲ್ಲಿ ಕೂತು ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತ ಗಂಟು ಹಾಕುವರು. ನಡುವೆ ಯಾರಾದರೂ ಮಾತಾಡಿಸಿದರೆ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಿದ್ದರು.